ಬಲದಿಯಾಕ್ಕೆ ಹೋದ ನಮ್ಮ ಭಾವ

ನಮ್ಮ ಭಾವನಿಗೆ ಕತಾರಿನಲ್ಲಿ ಒಂದು ಹಿಡಿ ಮರಳು ಕೂಡ ಸ್ವಂತದ್ದಿಲ್ಲ. ಆದರೆ ಅವರನ್ನು ಕೇಳದೆ ಈ ದೇಶದಲ್ಲಿ ಯಾರೂ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಡಬಾರದು! ಇಟ್ಟರೆ ಅವರಿಗೆ ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ನಮಗೆ ನಿದ್ದೆ ಮಾಡಲು ಬಿಡುವುದೂ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ 'ಪರ್ಮಿಶನ್ ಯಾರು ಕೊಟ್ಟದ್ದು?' ಎಂದು ಕೇಳುತ್ತಾರೆ. ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಅವರಿಗೆ ಪರ್ಮಿಟ್ ಕೊಡುವ ಕೆಲಸ. ಅಲ್ಲಿ ಪೈಪು, ಗ್ಯಾಸು, ಬೆಂಕಿ ಎಲ್ಲ ಒಟ್ಟಿಗೇ ಇರುವುದರಿಂದ ಯಾರೂ ಮನಸ್ಸಿಗೆ ಬಂದಂತೆ ಒಂದು ಬೋಲ್ಟನ್ನೂ ತಿರುಗಿಸುವ ಹಾಗಿಲ್ಲ. ವೆಲ್ಡಿಂಗ್ ಮಾಡಲು ಒಂದು ಪರ್ಮಿಟ್, ಟ್ಯಾಂಕಿನೊಳಗೆ ಇಳಿಯಲು ಒಂದು, ಏಣಿ ಹತ್ತಲು ಇನ್ನೊಂದು. ಎಲ್ಲವಕ್ಕೂ ಭಾವ ಹೋಗಿ ನೋಡಿ, ಮೂಸಿ, ನಾಲ್ಕು ಪ್ರಶ್ನೆ ಕೇಳಿ ಸಹಿ ಹಾಕಬೇಕು. ಒಳ್ಳೆಯದೇ. ಇಷ್ಟು ವರ್ಷ ಅದನ್ನೇ ಮಾಡಿದ ಮನುಷ್ಯ ಕಂಪನಿಯ ಬಸ್ಸು ಹತ್ತಿ ಮನೆಗೆ ಬರುವಾಗ ತಲೆಯನ್ನು ಅಲ್ಲಿಯೇ ಬಿಟ್ಟು ಬರಬೇಕಿತ್ತು. ಆದರೆ ಅವರು ಅದನ್ನೂ ಹೊತ್ತುಕೊಂಡೇ ಬರುತ್ತಾರೆ!

ಅಕ್ಕ ಬಂಗುಡೆ ಹುರಿಯಲು ಹೊರಟರೆ ಭಾವ ಬಾಗಿಲಲ್ಲಿ ಹಾಜರು.

"ಸಿಲಿಂಡರಿನ ಪೈಪು ನೋಡಿದ್ಯಾ? ಕಿಟಕಿ ತೆಗ್ದಿದ್ಯಾ? ಕಾಲಿಗೆ ಚಪ್ಪಲಿ ಎಲ್ಲಿ?"

"ಬಂಗುಡೆಗೂ ಒಂದು ಜೊತೆ ಚಪ್ಪಲಿ ತಂದುಕೊಡಿ," ಎನ್ನುತ್ತಾಳೆ ಅಕ್ಕ, ಸೌಟು ತಿರುಗಿಸುತ್ತಾ.

ನಮ್ಮ ಮನೆಯಲ್ಲಿ ನನ್ನ ಗಂಡ ಒಂದು ಗೋಡೆ ಗಡಿಯಾರ ತೂಗುಹಾಕಲು ಹೊರಟಿದ್ದರು. ಒಂದು ಮೊಳೆ ಹೊಡೆಯುವ ಕೆಲಸ, ಅಷ್ಟೇ. ಸುತ್ತಿಗೆಯ ಸದ್ದು ಕೇಳುವ ಮೊದಲೇ ಭಾವನಿಗೆ ಅದು ಹೇಗೆ ತಿಳಿಯಿತೋ ದೇವರಿಗೇ ಗೊತ್ತು. ಬಂದರು. ಗೋಡೆಗೆ ಕಿವಿ ಇಟ್ಟರು. ಒಳಗೆ ವಯರು ಎಲ್ಲಿ ಹೋಗಿದೆ, ನೀರಿನ ಪೈಪು ಎಲ್ಲಿ ಹೋಗಿದೆ ಎಂದು ಕೇಳಿದರು. ನಮಗೇನು ಗೊತ್ತು? ಬಾಡಿಗೆ ಮನೆ! ಸ್ಟೂಲಿನ ಒಂದು ಕಾಲು ಅಲ್ಲಾಡುತ್ತದೆ ಎಂದು ಅದನ್ನು ತೆಗೆದುಕೊಂಡು ಹೋದರು. ಗಡಿಯಾರ ಇವತ್ತಿಗೂ ಫ್ರಿಜ್ಜಿನ ಮೇಲೆ ಒರಗಿ ಕೂತಿದೆ, ಸ್ಟೂಲು ಇನ್ನೂ ವಾಪಸು ಬಂದಿಲ್ಲ.

ಊರಿನಿಂದ ಅವರ ತಾಯಿ ಬಂದಿದ್ದಾಗ ಭಾವ ಅವರನ್ನು ಸಂಜೆ ವೆಸ್ಟ್ ಬೇ ತೋರಿಸಲು ಕರೆದುಕೊಂಡು ಹೋದರು. ಗಾಜಿನ ಗೋಪುರಗಳಿಗೆಲ್ಲ ದೀಪ ಹತ್ತಿತ್ತು. ಆ ಅಜ್ಜಿ ಬಾಯಿ ತೆರೆದು ನೋಡುತ್ತಾ ನಿಂತಿದ್ದರು. "ಅಮ್ಮಾ, ಅಲ್ಲಿ ನೋಡಿ, ಅಲ್ಲಿ!" ಎಂದು ಭಾವ ಬೆರಳು ತೋರಿಸಿದರು. ಎಲ್ಲಕ್ಕಿಂತ ಎತ್ತರದ ಕಟ್ಟಡವನ್ನು ತೋರಿಸುತ್ತಿದ್ದಾರೆಂದು ನಾವೆಲ್ಲ ಕತ್ತು ಎತ್ತಿದೆವು. ಅವರು ತೋರಿಸಿದ್ದು ಕೆಲಸ ನಡೆಯುತ್ತಿದ್ದ ಒಂದು ಕ್ರೇನನ್ನು. ಅದರ ಕೆಳಗೆ ಜನ ಹೋಗದ ಹಾಗೆ ಹಗ್ಗ ಕಟ್ಟಿಲ್ಲವಂತೆ! ಅಜ್ಜಿ ಊರಿಗೆ ಹೋಗಿ ಕೇಳಿದವರಿಗೆಲ್ಲ ಹೇಳಿದರಂತೆ, "ಕತಾರಿನಲ್ಲಿ ಎಲ್ಲ ಚೆಂದ ಉಂಟು, ಒಂದು ಹಗ್ಗ ಮಾತ್ರ ಇಲ್ಲ."

ಇಂಥವರಿಗೆ ಬಲದಿಯಾದ ಫೋನ್ ನಂಬರ್ ಸಿಕ್ಕಿದರೆ ಏನಾಗಬೇಡ? ಬಲದಿಯಾ ಎಂದರೆ ಇಲ್ಲಿನ ಪುರಸಭೆ. ರಸ್ತೆಯ ಹೊಂಡ, ಉರಿಯದ ದೀಪ, ಕಟ್ಟಡದ ಪರವಾನಗಿ, ಬಿದ್ದಿರುವ ಕಸ, ಎಲ್ಲ ಅವರಿಗೇ ಸೇರಿದ್ದು. ನಮ್ಮ ಬೀದಿಯ ಕಸದ ಡಬ್ಬಿ ತೀರಾ ದೂರ, ಮೂಲೆಯಲ್ಲಿದೆ ಎಂದು ಭಾವ ಒಮ್ಮೆ ದೂರು ಕೊಟ್ಟರು. ಬಲದಿಯಾದವರು ಬಹಳ ಚುರುಕು. ಮರುದಿನವೇ ಬಂದು ಡಬ್ಬಿಯನ್ನು ಹತ್ತಿರಕ್ಕೆ ತಂದಿಟ್ಟರು. ಎಷ್ಟು ಹತ್ತಿರಕ್ಕೆ? ಸರಿಯಾಗಿ ನಮ್ಮ ಗೇಟಿನ ಎದುರಿಗೆ! ಡಬ್ಬಿಯ ಜೊತೆಗೆ ಬೀದಿಯ ಅಷ್ಟೂ ಬೆಕ್ಕುಗಳು ಸಂಸಾರ ಸಮೇತ ವಾಸ ಬದಲಿಸಿದವು. ಅಂದಿನಿಂದ ಯಾವ ಬೆಕ್ಕು ಮೀನು ಕದ್ದರೂ ಅಕ್ಕ ಬೆಕ್ಕಿಗೆ ಬೈಯುವುದಿಲ್ಲ, ಭಾವನಿಗೆ ಬೈಯುತ್ತಾಳೆ.

ಈಗ ನಾವಿರುವ ಮನೆಯ ಬಗ್ಗೆ ಹೇಳಬೇಕು. ಹೇಳಲು ಸ್ವಲ್ಪ ನಾಚಿಕೆ. ಅದು ಇರುವುದು ಉಮ್ಮ್ ಸಲಾಲ್ ಎಂಬ ಊರಿನಲ್ಲಿ. ಹೊರಗಿನಿಂದ ನೋಡಿದರೆ ದೊಡ್ಡ ವಿಲ್ಲಾ, ಅರಮನೆಯ ಹಾಗೆ. ಒಳಗೆ ಹೋದರೆ ಅದರಲ್ಲಿ ಆರು ಸಂಸಾರ! ಕಾಸರಗೋಡಿನ ಒಬ್ಬರು ಇಡೀ ವಿಲ್ಲಾವನ್ನು ಮಾಲೀಕರಿಂದ ಬಾಡಿಗೆಗೆ ಹಿಡಿದು, ನಡುವೆ ತೆಳು ಗೋಡೆ ನಿಲ್ಲಿಸಿ, 'ಪೋರ್ಷನ್' ಎಂದು ಹಂಚಿಕೊಟ್ಟಿದ್ದಾರೆ. ಅವರನ್ನು ನಾವೆಲ್ಲ ಇಕ್ಕ ಎಂದು ಕರೆಯುತ್ತೇವೆ. ಇಕ್ಕ ಬಹಳ ಒಳ್ಳೆಯವರು. ಗೋಡೆಗಳು ಮಾತ್ರ ಅವರಷ್ಟು ಗಟ್ಟಿಯಲ್ಲ. ಮಹಡಿಯ ಮೇಲಿನ ಮೈಸೂರಿನವರು ಸೀನಿದರೆ ನನ್ನ ಗಂಡ ಕೆಳಗಿನಿಂದಲೇ 'ಶತಾಯುಷ್ಯ' ಎನ್ನುತ್ತಾರೆ. ಹೀಗೆ ವಿಲ್ಲಾವನ್ನು ತುಂಡು ಮಾಡಿ ಕೊಡುವುದಕ್ಕೆ ಬಲದಿಯಾದ ಒಪ್ಪಿಗೆ ಇಲ್ಲ ಎಂದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇರಲಿಲ್ಲ. ಗೊತ್ತಿದೆ ಎಂದು ಹೇಳಿಕೊಳ್ಳುವವರೂ ಯಾರೂ ಇರಲಿಲ್ಲ.

ಅಕ್ಕ-ಭಾವನದ್ದು ಹಿಂದಿನ ಪೋರ್ಷನ್, ನಮ್ಮದು ಪಕ್ಕದ್ದು. ಅವರ ಪಾಲಿಗೆ ಅಡುಗೆಮನೆಯೇ ಬಂದಿರಲಿಲ್ಲ. ಅಕ್ಕ ಎಷ್ಟೋ ಕಾಲ ಬಚ್ಚಲ ಬಾಗಿಲ ಪಕ್ಕದ ಓಣಿಯಲ್ಲಿ ಒಲೆ ಇಟ್ಟುಕೊಂಡು ಬೇಯಿಸಿದಳು. ಕೊನೆಗೆ ಇಕ್ಕನ ಬೆನ್ನು ಬಿದ್ದು, ಹಿಂದಿನ ಕಾಂಪೌಂಡು ಗೋಡೆಗೆ ಆನಿಸಿ ಒಂದು ಅಡುಗೆಮನೆ ಕಟ್ಟಿಸಿಕೊಂಡಳು. ತಗಡಿನ ಮಾಡು, ಅದರ ಮೇಲೆ ನೀರಿನ ಟ್ಯಾಂಕು, ಒಳಗೆ ಊರಿನಿಂದ ಹಡಗಿನಲ್ಲಿ ತರಿಸಿದ ಅರೆಯುವ ಕಲ್ಲು, ಮಣ್ಣಿನ ಪಾತ್ರೆಗಳು, ಕುಚ್ಚಲಕ್ಕಿಯ ಡ್ರಮ್ಮು. ಇಡೀ ಕತಾರಿನಲ್ಲಿ ಅಕ್ಕನಿಗೆ ತನ್ನದು ಎನ್ನಲು ಇದ್ದದ್ದು ಅದೊಂದೇ ಜಾಗ. ಅದಕ್ಕೆ ಪರ್ಮಿಟ್ ಇತ್ತೇ? ಛೆ, ಎಂಥ ಪ್ರಶ್ನೆ! ಲೋಕಕ್ಕೆಲ್ಲ ಪರ್ಮಿಟ್ ಕೇಳುವ ಭಾವ ಆ ಒಂದು ವಿಷಯಕ್ಕೆ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಸಂಸಾರ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಬೇಸಿಗೆ ಮುಗಿದು ಸ್ವಲ್ಪ ತಂಪು ಬಂದ ಹೊತ್ತಿಗೆ ಹಿಂದಿನ ಖಾಲಿ ಜಾಗಕ್ಕೆ ಯಂತ್ರಗಳು ಬಂದವು. ಅಂಗಡಿಗಳ ಸಾಲು ಬರುತ್ತದಂತೆ, ಅದರ ಅಡಿಯಲ್ಲಿ ಕಾರು ನಿಲ್ಲಿಸುವ ಜಾಗವಂತೆ. ದಿನವಿಡೀ ದಡಬಡ ಸದ್ದು. ಒಣಗಲು ಹಾಕಿದ ಮಕ್ಕಳ ಬಿಳಿ ಯೂನಿಫಾರ್ಮು ಸಂಜೆಗೆ ಕಾವಿ ಬಟ್ಟೆಯಾಗುತ್ತಿತ್ತು. "ಇನ್ನೆರಡು ದಿನ ಹೀಗೇ ಆದ್ರೆ ನಮ್ಮ ಹುಡ್ಗ ಸನ್ಯಾಸ ತಗೋತಾನೆ ಕಣ್ರೀ," ಎಂದು ಮೈಸೂರಿನ ಮೇಡಂ ಮಹಡಿಯಿಂದಲೇ ಕೂಗಿದರು. ಗುಂಡಿ ಆಳವಾಗುತ್ತಾ ನಮ್ಮ ಗೋಡೆಯ ಬುಡದವರೆಗೂ ಬಂತು.

ಭಾವ ಒಂದು ಸಂಜೆ ಸ್ಟೂಲು ಹಾಕಿಕೊಂಡು (ನಮ್ಮದೇ ಸ್ಟೂಲು!) ಗೋಡೆಯ ಮೇಲಿಂದ ಆಚೆಗೆ ಇಣುಕಿದರು. ಬಹಳ ಹೊತ್ತು ನೋಡಿದರು. ಕೆಳಗಿಳಿದ ಮೇಲೆ ಏನೂ ಹೇಳಲಿಲ್ಲ. ಅಕ್ಕ ಹಪ್ಪಳ ಕರಿಯುತ್ತಿದ್ದಳು, ಅದಕ್ಕೂ ಏನೂ ಕೇಳಲಿಲ್ಲ. ಆಗಲೇ ನಮಗೆ ಹೆದರಿಕೆ ಶುರುವಾದದ್ದು.

ಮರುದಿನದಿಂದ ಕೆಲಸದಿಂದ ಬಂದವರೇ ನೇರ ಆಚೆ ಹೋಗಿ ಅಲ್ಲಿನ ಫೋರ್‌ಮನ್ನನ್ನು ಹಿಡಿದರು. ಗುಂಡಿಯ ಬದಿ ಕುಸಿಯುತ್ತದೆ, ಹಲಗೆ ಕೊಟ್ಟು ನಿಲ್ಲಿಸಿ ಎಂದರು. "ಮಾಫಿ ಮುಶ್ಕಿಲ್, ಬಡೇ ಭಾಯ್, ಏನೂ ತೊಂದರೆಯಿಲ್ಲ," ಎಂದು ಅವನು ಕುರ್ಚಿ ಹಾಕಿ ಚಾ ಕೊಟ್ಟ. ಮರುದಿನವೂ ಹೋದರು, ಚಾ ಕೊಟ್ಟ. ಮೂರನೆಯ ದಿನ ಬಿಸ್ಕತ್ತೂ ಕೊಟ್ಟ. ಚಾ ಕುಡಿದು ಕುಡಿದು ಭಾವನಿಗೆ ಎದೆಯುರಿ ಬಂತೇ ಹೊರತು ಗುಂಡಿಗೆ ಹಲಗೆ ಬರಲಿಲ್ಲ.

"ಇನ್ನು ಬಲದಿಯಾಕ್ಕೆ ಹೋಗುವುದೇ," ಎಂದರು ಭಾವ.

ಬಾಂಬು ಬಿದ್ದಂತಾಯಿತು! ಅರ್ಧ ಗಂಟೆಯಲ್ಲಿ ಅಕ್ಕನ ಅಡುಗೆಮನೆಯಲ್ಲಿ ಸಭೆ ಸೇರಿತು. ಅಕ್ಕ ಎಷ್ಟೇ ಸಂಕಟದಲ್ಲಿದ್ದರೂ ಜನ ಬಂದಾಗ ಗೋಳಿಬಜೆ ಮಾಡದೆ ಇರುವವಳಲ್ಲ. ಮೈಸೂರಿನ ಮೇಡಂ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಗೋಗರೆದರು. "ಅಲ್ಲ ಕಣ್ರೀ, ಬಲದಿಯಾದವ್ರು ಬಂದ್ರೆ ಗೋಡೆಯ ಆ ಕಡೆ ಮಾತ್ರ ನೋಡ್ಕೊಂಡು ಹೋಗ್ತಾರಾ? ಈ ಕಡೆ ತಿರುಗಿದ್ರೆ ನಾವೇ ಇದ್ದೀವಿ! ಪರೀಕ್ಷೆ ಹೊತ್ತಿಗೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಇಕ್ಕನ ಕಣ್ಣಲ್ಲಿ ನೀರೇ ಬಂದಿತ್ತು. "ಚೇಟ್ಟಾ, ನಿಮ್ಮ ಕಾಲು ಹಿಡೀತೇನೆ. ಧೂಳಿಗೆ ನಾನು ಪರದೆ ಹಾಕಿಸಿ ಕೊಡ್ತೇನೆ. ಸದ್ದಿಗೆ ಕಿವಿಗೆ ಹತ್ತಿ ತಂದುಕೊಡ್ತೇನೆ. ಬಲದಿಯಾ ಮಾತ್ರ ಬೇಡ."

"ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂತಕ್ಕೆ ಮಾರಾಯ್ರೇ?" ಎಂದಳು ಅಕ್ಕ.

"ಮಾರಿ ಬೀದಿಯಲ್ಲಿ ಇಲ್ಲ. ಗುಂಡಿಯ ಅಂಚಿನಲ್ಲಿ ಕೂತಿದೆ," ಎಂದರು ಭಾವ. ಎಂದವರು ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು ಎದ್ದು ಹೋದರು. ಸಭೆ ಮುಗಿಯಿತು.

ಭಾವ ರಜೆ ಹಾಕಿದರು. ನನಗೆ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಮೇಲೆ ಡ್ಯೂಟಿ, ಬೆಳಿಗ್ಗೆ ಬಿಡುವು. ಅಕ್ಕ ನನ್ನನ್ನು ಮೂಲೆಗೆ ಎಳೆದಳು. "ನೀನೂ ಒಟ್ಟಿಗೆ ಹೋಗು. ಗುಂಡಿಯ ವಿಷಯ ಎಷ್ಟು ಬೇಕಾದ್ರೂ ಹೇಳ್ಲಿ. ನಮ್ಮ ಮನೆ ವಿಷಯಕ್ಕೆ ಬಾಯಿ ಬಿಟ್ರೆ ಕಾಲು ತುಳಿ. ಜೋರಾಗಿ ತುಳಿ." ಇಂಥ ಜವಾಬ್ದಾರಿಯ ಕೆಲಸವನ್ನು ಅದುವರೆಗೆ ನನಗೆ ಯಾರೂ ಕೊಟ್ಟಿರಲಿಲ್ಲ.

ಮೊದಲು ಅರ್ಜಿ. ಇಲ್ಲಿ ಅರಬಿಯಲ್ಲಿ ಅರ್ಜಿ ಬರೆದುಕೊಡಲು ಟೈಪಿಂಗ್ ಸೆಂಟರುಗಳಿವೆ. ನಾವು ಹೋದ ಕಡೆ ಟೈಪ್ ಮಾಡುವ ಮಲೆಯಾಳಿಯೊಬ್ಬರು ಹಾಲಿಲ್ಲದ ಚಾ ಹೀರುತ್ತಾ ಕೂತಿದ್ದರು. ಭಾವ ಎದುರಿಗೆ ನೆಟ್ಟಗೆ ಕೂತು ಹಿಂದಿ, ಇಂಗ್ಲಿಷ್, ಮಲೆಯಾಳ ಮೂರನ್ನೂ ಬೆರೆಸಿ ಶುರು ಮಾಡಿದರು. ಗುಂಡಿಯ ಆಳ, ಮಣ್ಣಿನ ಗುಣ, ಗಾಳಿಯ ದಿಕ್ಕು, ಸುರಿದ ಮಣ್ಣಿನ ರಾಶಿ ಅಂಚಿಗೆ ಎಷ್ಟು ಹತ್ತಿರ ಇದೆ, ಫೋರ್‌ಮನ್ ಎಷ್ಟು ಚಾ ಕೊಟ್ಟ, ಯಾವುದನ್ನೂ ಬಿಡಲಿಲ್ಲ. ಆ ಮನುಷ್ಯ ತಾಳ್ಮೆಯಿಂದ ಕೇಳಿದರು. ಚಾ ಮುಗಿಸಿದರು. ಆಮೇಲೆ ಟಕಟಕ ಎಂದು ನಾಲ್ಕೇ ನಾಲ್ಕು ಸಾಲು ಹೊಡೆದು ಕಾಗದ ಕೊಟ್ಟರು.

"ಇದರಲ್ಲಿ ಎಲ್ಲ ಉಂಟಾ?" ಭಾವನ ಮುಖ ಬಾಡಿತ್ತು.

"ಎಲ್ಲ ಉಂಟು ಚೇಟ್ಟಾ. ಮೂರು ಸಾಲು ಸಲಾಂ, ಒಂದು ಸಾಲು ಗುಂಡಿ."

ಬಲದಿಯಾದ ಕಚೇರಿ ನಮ್ಮ ಕ್ಲಿನಿಕ್ಕಿಗಿಂತ ಚೊಕ್ಕಟವಾಗಿತ್ತು. ಟೋಕನ್ ತೆಗೆದುಕೊಂಡು ಕೂತೆವು. ನಂಬರು ಬಂತು. ಕೌಂಟರಿನಲ್ಲಿ ಬಿಳಿ ನಿಲುವಂಗಿಯ ಒಬ್ಬ ಯುವಕ ಅಧಿಕಾರಿ. ಕಾಗದ ಓದಿ, ನಗುಮುಖದಿಂದ ಇಂಗ್ಲಿಷಿನಲ್ಲಿ ಕೇಳಿದರು, "ನಿಮಗೆ ಏನು ತೊಂದರೆ ಆಗುತ್ತಿದೆ? ಧೂಳೇ? ಸದ್ದೇ?"

"ನನಗೆ ಯಾವ ತೊಂದರೆಯೂ ಇಲ್ಲ ಸರ್," ಎಂದರು ಭಾವ.

ಅಧಿಕಾರಿ ಕಾಗದ ನೋಡಿದರು, ಭಾವನನ್ನು ನೋಡಿದರು. ತೊಂದರೆಯೇ ಇಲ್ಲದವರು ರಜೆ ಹಾಕಿ ಟೋಕನ್ ತೆಗೆದುಕೊಂಡು ಬಂದದ್ದನ್ನು ಅವರು ಅದೇ ಮೊದಲು ಕಂಡಿರಬೇಕು.

"ಗುಂಡಿಯೊಳಗೆ ಜನ ಕೆಲಸ ಮಾಡುತ್ತಿದ್ದಾರೆ ಸರ್. ಬದಿಗೆ ಆಧಾರ ಇಲ್ಲ. ಅವರ ತಲೆಯ ಮೇಲೆಯೇ ನಮ್ಮ ಗೋಡೆ. ಗೋಡೆಗೆ ತಾಗಿ ನಮ್ಮ ಅಡುಗೆಮನೆ..."

ಬಂತು! ನಾನು ಕಾಲು ತುಳಿದೆ.

"...ಅದರ ಮೇಲೆ ನೀರಿನ ಟ್ಯಾಂಕು. ತುಂಬಿದಾಗ ಅದರ ಭಾರ ಎಲ್ಲ ಗೋಡೆಯ ಮೇಲೆ."

ಇನ್ನೂ ಜೋರಾಗಿ ತುಳಿದೆ. ಭಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಕೆಳಗೆ ನೋಡಿದರೆ ಅವರು ಹಾಕಿಕೊಂಡು ಬಂದದ್ದು ಕಾರ್ಖಾನೆಯ ಸೇಫ್ಟಿ ಶೂ. ಬೆರಳಿನ ಮೇಲೆ ಉಕ್ಕಿನ ಕವಚ!

"ಆ ಅಡುಗೆಮನೆಗೂ ಪರ್ಮಿಟ್ ಇಲ್ಲ ಸರ್. ನೀವು ಬಂದು ಎರಡನ್ನೂ ನೋಡಬೇಕು. ಹಲಗೆ ಹಾಕಿದರೆ ಮಾತ್ರ ಸಾಲದು, ನಮ್ಮ ಭಾರವೂ ಇಳಿಯಬೇಕು."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅಂದರೆ ನೀವು ನಿಮ್ಮ ಮೇಲೆಯೇ ದೂರು ಕೊಡುತ್ತಿದ್ದೀರಾ?"

"ಯೆಸ್ ಸರ್," ಎಂದರು ಭಾವ, ಬಹುಮಾನ ತೆಗೆದುಕೊಳ್ಳಲು ಬಂದವರ ಹಾಗೆ.

ಬಲದಿಯಾ ಚುರುಕು ಎಂದು ಆಗಲೇ ಹೇಳಿದೆನಲ್ಲ. ಮರುದಿನ ಬೆಳಿಗ್ಗೆಯೇ ಇನ್ಸ್‌ಪೆಕ್ಟರ್ ಬಂದರು. ಭಾವ ಎರಡನೆಯ ದಿನವೂ ರಜೆ ಹಾಕಿ, ಹೆಲ್ಮೆಟ್ಟು ಹಾಕಿಕೊಂಡು ಗೇಟಿನಲ್ಲಿ ನಿಂತು ಅವರನ್ನು ಬರಮಾಡಿಕೊಂಡರು. ಹೆಣ್ಣು ನೋಡಲು ಬಂದವರಿಗೂ ನಮ್ಮ ಮನೆಯಲ್ಲಿ ಅಷ್ಟು ಉಪಚಾರ ಆಗಿರಲಿಲ್ಲ. ಇನ್ಸ್‌ಪೆಕ್ಟರ್ ಗುಂಡಿಯನ್ನು ನೋಡಿದರು, ನೋಡಿ ಮುಖ ಗಂಟು ಹಾಕಿದರು. "ಖಲಾಸ್," ಎಂದರು. ಕೆಲಸ ನಿಂತಿತು. ಬದಿಗೆಲ್ಲ ಆಧಾರ ಕೊಟ್ಟ ಮೇಲೆಯೇ ಮುಂದಿನ ಕೆಲಸ ಎಂದು ಅಪ್ಪಣೆಯಾಯಿತು. ಆಮೇಲೆ ಈ ಕಡೆ ತಿರುಗಿದರು. ಹಿಂಭಾಗದ ಗೋಡೆಯನ್ನು ಇಳಿಸಿ ಬೇಲಿ ಹಾಕಬೇಕು, ಅಡುಗೆಮನೆ, ಟ್ಯಾಂಕು ಎರಡೂ ಹೋಗಬೇಕು ಎಂದರು. ಹೊರಡುವಾಗ ವಿಲ್ಲಾದ ಸಾಲು ಸಾಲು ಬಾಗಿಲುಗಳನ್ನೂ, ಪ್ರತಿ ಬಾಗಿಲ ಮುಂದಿನ ಚಪ್ಪಲಿಗಳನ್ನೂ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಮಹಡಿಯ ಮೇಲೆ ಮೈಸೂರಿನ ಮೇಡಂ ಪರದೆಯ ಹಿಂದೆ ಉಸಿರು ಬಿಗಿಹಿಡಿದಿದ್ದರು. "ಇದರ ಬಗ್ಗೆ ಮಾಲೀಕರನ್ನು ಕರೆಸಿ ಮಾತಾಡುತ್ತೇನೆ," ಎಂದು ಹೇಳಿ ಇನ್ಸ್‌ಪೆಕ್ಟರ್ ಹೋದರು. ಇಕ್ಕ ಅಲ್ಲಿಯೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಅಂದಿನಿಂದ ವಿಲ್ಲಾದಲ್ಲಿ ಭಾವನಿಗೆ ಬಹಿಷ್ಕಾರ. ಮೇಡಂ ಅವರನ್ನು ಕಂಡರೆ ಮೆಟ್ಟಿಲು ಹತ್ತಿ ವಾಪಸು ಹೋಗುತ್ತಿದ್ದರು. ಅಕ್ಕನಂತೂ ಬಾಯಿಗೆ ಬೀಗ ಹಾಕಿಕೊಂಡಳು. ಗಂಡ ಎದುರಿಗೇ ಕೂತಿದ್ದರೂ ಹೇಳುವುದು ನನ್ನ ಮೂಲಕ: "ನಿನ್ನ ಭಾವನಿಗೆ ಹೇಳು, ಗಂಜಿ ಮೇಜಿನ ಮೇಲೆ ಉಂಟು." ಕೌಂಟರಿನಲ್ಲಿ ಭಾವ ಆಡಿದ ಮಾತನ್ನು ನಾನು ಅವಳಿಗೆ ಹೇಳಿ ನೋಡಿದೆ. ಗುಂಡಿಯೊಳಗಿನ ಜನರ ಬಗ್ಗೆ ಯೋಚಿಸಿಯೇ ಹಾಗೆ ಮಾಡಿದರಂತೆ ಎಂದೆ.

"ಗುಂಡಿಯಲ್ಲಿ ಇರುವವರ ಮೇಲೆ ಕರುಣೆ ಬೇಕು, ಬೇಡ ಅಂದವರು ಯಾರು?" ಎಂದಳು ಅಕ್ಕ. "ಅಡುಗೆಮನೆಯಲ್ಲಿ ಇರುವವಳ ಹತ್ತಿರ ಒಂದು ಮಾತು ಮೊದಲು ಕೇಳ್ಲಿಕ್ಕೆ ಆಗ್ಲಿಲ್ವಾ? ಊರಿಗೆಲ್ಲ ಪರ್ಮಿಶನ್ ಕೇಳ್ತಾರಲ್ಲ!"

ಅಕ್ಕ ಹೇಳಿದ್ದು ಸರಿಯಾಗಿಯೇ ಇತ್ತು.

ಇಲ್ಲಿ ವಾರದ ರಜೆ ಶುಕ್ರವಾರ. ಅಂದು ಭಾವ ತಾವೇ ಸ್ಪ್ಯಾನರ್ ಹಿಡಿದು ಅಡುಗೆಮನೆ ಬಿಚ್ಚಲು ನಿಂತರು. ಸುತ್ತ ಕೆಂಪು-ಬಿಳಿ ಪಟ್ಟಿ ಕಟ್ಟಿದರು. ಹೆಲ್ಮೆಟ್ಟಿಲ್ಲದೆ ಒಳಗೆ ಬರಬಾರದು ಎಂದರು. ತನ್ನ ಸ್ವಂತ ಅಡುಗೆಮನೆಯಿಂದ ಮಣ್ಣಿನ ಪಾತ್ರೆ ಎತ್ತಿಕೊಂಡು ಹೋಗಲು ಅಕ್ಕ ತಲೆಯ ಮೇಲೆ ಹಳದಿ ಹೆಲ್ಮೆಟ್ಟು ಹೊತ್ತುಕೊಂಡು ಓಡಾಡಿದಳು. ಸಿಟ್ಟಿನಿಂದ ಕೆಂಪಾದ ಮುಖ, ಮೇಲೆ ಹಳದಿ. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ.

ನಾನು ಕೆಳಗೆ ನಿಂತು ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಗೆ ಹಾಕುತ್ತಿದ್ದೆ. "ಅಷ್ಟೆಲ್ಲ ಬೇಕಿತ್ತಾ ಭಾವ? ಅವರ ಕಂಪನಿ ಉಂಟು, ಫೋರ್‌ಮನ್ ಇದ್ದಾನೆ. ನಿಮಗೆಂತಕ್ಕೆ?"

ಭಾವ ತಗಡಿನ ಮೇಲೆ ಕೂತು ಸ್ಪ್ಯಾನರ್ ಪಕ್ಕಕ್ಕಿಟ್ಟರು. "ಈ ಕಾರ್ಖಾನೆಗೆ ಸೇರುವ ಮೊದಲು ನಾನು ಪೈಪು ಹಾಕುವ ಕಂಪನಿಯಲ್ಲಿ ಹೆಲ್ಪರ್ ಇದ್ದೆ, ಗೊತ್ತುಂಟಾ? ಇಡೀ ದಿನ ಗುಂಡಿಯಲ್ಲಿ. ಕೆಳಗಿನಿಂದ ನೋಡಿದ್ರೆ ಒಂದು ತುಂಡು ಆಕಾಶ ಮಾತ್ರ ಕಾಣುವುದು. ಬದಿಯಿಂದ ಸ್ವಲ್ಪ ಮಣ್ಣು ಉದುರಿದ್ರೂ ಎದೆ ಧಸಕ್ಕೆನ್ನುವುದು. ಯಾರಾದ್ರೂ ಮೇಲಿಂದ ಇಣುಕಿ ನೋಡಿದ್ರೆ, ಬೈಲಿಕ್ಕೇ ಆಗ್ಲಿ, ಒಂದು ತಲೆ ಕಂಡ್ರೆ ಸಾಕು, ಧೈರ್ಯ ಬರ್ತಿತ್ತು. ನಮ್ಮ ಗುಂಡಿಗೆ ಯಾರೂ ಇಣುಕುತ್ತಿರಲಿಲ್ಲ."

ಪಕ್ಕದ ಓಣಿಯಲ್ಲಿ ಅಕ್ಕ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಅದು ಒಮ್ಮೆಲೇ ನಿಂತಿತು. ನಾನು ಆ ಕಡೆ ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಮೊದಲಿಗಿಂತ ಜೋರಾಗಿ ಶುರುವಾಯಿತು. ಅಕ್ಕನ ಒಲೆ ಮತ್ತೆ ಬಚ್ಚಲ ಬಾಗಿಲ ಪಕ್ಕಕ್ಕೆ ಹೋಯಿತು.

ಇಷ್ಟೆಲ್ಲ ಮಾಡಿದ್ದಕ್ಕೆ ಗುಂಡಿಯವರಾದರೂ ಭಾವನಿಗೆ ಹಾರ ಹಾಕಿದರೇ? ಎಲ್ಲಿಯ ಹಾರ! ಕೆಲಸ ನಿಂತು ಕಾರ್ಮಿಕರ ಕ್ಯಾಂಪಿನಲ್ಲಿ ಕೂಲಿಯಿಲ್ಲದೆ ಸುಮ್ಮನೆ ಕೂತು ಬಂದದ್ದಕ್ಕೆ ಅವರಿಗೂ ಸಿಟ್ಟು ಬಂದಿತ್ತು. ಕಬ್ಬಿಣದ ಆಧಾರಗಳನ್ನು ಕೊಟ್ಟು ಕೆಲಸ ಮತ್ತೆ ಶುರುವಾದ ದಿನ ಭಾವ ಹೊಸ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಾಗ ಒಬ್ಬ ಕೆಳಗಿನಿಂದ ಹಿಂದಿಯಲ್ಲಿ ಕೂಗಿದ, "ಅಂಕಲ್, ಕಂಪ್ಲೇಂಟ್ ಕೊಟ್ಟವನು ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ ಭಾಯ್. ಯಾರೋ ಬಹಳ ಕೆಟ್ಟ ಮನುಷ್ಯ ಇರಬೇಕು," ಎಂದರು ಭಾವ.

ಆಮೇಲೆ ಏನಾಯಿತು? ಅದೇ ತಮಾಷೆ ನೋಡಿ. ಏನೂ ಆಗಲಿಲ್ಲ! ಗೋಡೆ ಬೀಳಲಿಲ್ಲ, ಅದನ್ನು ಮೊದಲೇ ಇಳಿಸಿದ್ದರಲ್ಲ. ಮಣ್ಣು ಕುಸಿಯಲಿಲ್ಲ, ಅದಕ್ಕೆ ಕಬ್ಬಿಣ ಕೊಟ್ಟಿದ್ದರಲ್ಲ. ಗುಂಡಿ ಏನಾದರೂ ಸ್ವಲ್ಪ ಕುಸಿದಿದ್ದರೆ ಭಾವ ಇಡೀ ಉಮ್ಮ್ ಸಲಾಲಿಗೆ ಹೀರೋ ಆಗುತ್ತಿದ್ದರು. ಆಗದೆ ಇದ್ದ ಅನಾಹುತಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? "ಏನಾಯ್ತು ಭಾವ? ಏನೂ ಆಗ್ಲಿಲ್ವಲ್ಲ!" ಎಂದು ನಾನು ಚುಚ್ಚಿದೆ. "ಏನೂ ಆಗ್ಲಿಲ್ಲ ಅಲ್ವಾ? ಅಷ್ಟೇ ಬೇಕಾದದ್ದು," ಎಂದು ಅವರು ಹಾಯಾಗಿ ಕಾಲು ಚಾಚಿದರು. ಇಂಥವರನ್ನು ಗೆಲ್ಲುವುದು ಯಾರಿಂದ ಸಾಧ್ಯ?

ಆದರೂ ಅವರಿಗೆ ಸಮಾಧಾನ ಇರಲಿಲ್ಲ. ದಿನಾ ಸಂಜೆ ಬಸ್ಸಿಳಿದವರು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ನೇರ ಹಿಂದಿನ ಬೇಲಿಗೆ ಹೋಗಿ ನಿಲ್ಲುತ್ತಿದ್ದರು. ಕೆಲಸ ಮುಗಿಸಿದವರು ಒಬ್ಬೊಬ್ಬರಾಗಿ ಏಣಿ ಹತ್ತಿ ಮೇಲೆ ಬರುತ್ತಿದ್ದರು. ಕೊನೆಯವನು ಬಂದ ಮೇಲೆಯೇ ಭಾವ ಒಳಗೆ ಬಂದು ಶೂ ಬಿಚ್ಚುತ್ತಿದ್ದರು. ನಾವೆಲ್ಲ ಇದಕ್ಕೆ 'ಭಾವನ ಸಂಧ್ಯಾವಂದನೆ' ಎಂದು ಹೆಸರಿಟ್ಟಿದ್ದೆವು. ಅಕ್ಕ ನಗಲಿಲ್ಲ, ಮಾತೂ ಆಡಲಿಲ್ಲ. ಚಾ ಮಾತ್ರ ಅವರು ಒಳಗೆ ಬಂದ ಮೇಲೆಯೇ ಒಲೆಯಿಂದ ಇಳಿಯುತ್ತಿತ್ತು.

ಮಾಲೀಕರು ಬಲದಿಯಾಕ್ಕೆ ಹೋಗಿ ಬಂದರು. ಶಾಲೆಗೆ ರಜೆ ಸಿಗುವವರೆಗೆ ಸಮಯ ಸಿಕ್ಕಿದೆ, ಅಷ್ಟರೊಳಗೆ ಎಲ್ಲರೂ ಬೇರೆ ಮನೆ ನೋಡಿಕೊಳ್ಳಬೇಕು ಎಂದು ಇಕ್ಕ ಹೇಳಿದರು. ಮೈಸೂರಿನ ಮೇಡಂ ಪರೀಕ್ಷೆಯಾದರೂ ಮುಗಿಯುತ್ತದಲ್ಲ ಎಂದು ನಿಟ್ಟುಸಿರು ಬಿಟ್ಟರು. ಈಗ ಪ್ರತಿ ಶುಕ್ರವಾರ ನಾವು ಮನೆ ಹುಡುಕಲು ಹೋಗುತ್ತೇವೆ. ಭಾವನೂ ಬರುತ್ತಾರೆ. ಅವರು ಬಂದ ಮೇಲೆ ಯಾವ ಮನೆಯಾದರೂ ನಮಗೆ ಸಿಗುತ್ತದೆಯೇ?

ಹೋದ ವಾರ ಭಾವನ ಕಾರ್ಖಾನೆಯಲ್ಲಿ ಶಟ್‌ಡೌನ್. ವರ್ಷದ ರಿಪೇರಿಗೆಂದು ಇಡೀ ಕಾರ್ಖಾನೆಯನ್ನು ನಿಲ್ಲಿಸುವ ಕಾಲ. ಪರ್ಮಿಟ್ ಕೊಡುವವರಿಗೆ ಆಗ ಉಸಿರಾಡಲೂ ಪುರುಸೊತ್ತಿಲ್ಲ, ಮನೆಗೆ ಬರುವಾಗ ಕತ್ತಲೆ. ಅದರಲ್ಲಿ ಒಂದು ದಿನ ನನಗೆ ಕ್ಲಿನಿಕ್ಕಿಗೆ ರಜೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿಂದಕ್ಕೆ ಹೋದೆ. ಬೇಲಿಯ ಹತ್ತಿರ ಯಾರೋ ನಿಂತಿದ್ದರು. ನೋಡಿದರೆ ಅಕ್ಕ!

ತಲೆಗೆ ಶಾಲು ಸುತ್ತಿಕೊಂಡು, ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತು ಚಾಚಿ ಕೆಳಗೆ ನೋಡುತ್ತಿದ್ದಳು. ಅವಳು ನಿಂತದ್ದು ಅವಳ ಅಡುಗೆಮನೆ ಇದ್ದ ಜಾಗದಲ್ಲೇ. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಕೆಳಗಿನಿಂದ ಒಬ್ಬ ಬಂದ, ಇನ್ನೊಬ್ಬ ಬಂದ. ಹೆಲ್ಮೆಟ್ಟು ಬಿಚ್ಚಿ ಬೆವರು ಒರೆಸಿಕೊಂಡು, ನಗುತ್ತಾ ಏನೋ ಹೇಳಿಕೊಳ್ಳುತ್ತಾ ಬಸ್ಸಿನ ಕಡೆ ಹೋದರು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಅಕ್ಕ ತುದಿಗಾಲಲ್ಲಿ ನಿಂತಳು. ನನಗೆ ಅರಿವಿಲ್ಲದೆ ನಾನೂ ನಿಂತೆ. ಕೊನೆಗೆ ವಯಸ್ಸಾದ ಒಬ್ಬರು ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ನಿಧಾನಕ್ಕೆ ಏಣಿ ಹತ್ತಿ ಬಂದರು. ಮೇಲೆ ಬಂದವರು ಅಕ್ಕನನ್ನು ನೋಡಿ ಕೈಯೆತ್ತಿ ಸಲಾಂ ಮಾಡಿದರು.

ಆಗ ನನಗೆ ಅಕ್ಕನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅವಳ ಮೇಲೂ, ಮೆಸಯೀದಿನಲ್ಲಿ ಯಾರಿಗೋ ಏಣಿ ಹತ್ತಲು ಪರ್ಮಿಟ್ ಕೊಡುತ್ತಾ ಕೂತಿರಬಹುದಾದ ಆ ಹುಚ್ಚು ಮನುಷ್ಯನ ಮೇಲೂ ಒಟ್ಟಿಗೇ ಪ್ರೀತಿ ಉಕ್ಕಿ, ಕಣ್ಣು ತುಂಬಿ ಬಂತು. ಅಕ್ಕ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. ಫೋನ್ ತೆಗೆದಳು. ಅಷ್ಟು ದಿನಗಳಲ್ಲಿ ಅವಳು ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಹಲೋ... ನಾನೇ. ಎಲ್ಲರೂ ಮೇಲೆ ಬಂದ್ರು. ನೀವು ಮೆಲ್ಲ ಬನ್ನಿ."